ತಂದುಕೊಟ್ಟರೆ ಕಳೆದುಹೋಗುವುದಿಲ್ಲ: ಎಳೆಯ ನಾಯಿಗೆ ಬಯಲಿನ ಪಾಠ

(ಧಾರವಾಡದಲ್ಲಿ ನಾಯಿ ಸಾಕಿದವರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಬ್ರಡಾರ್ ನಾಯಿ ತುಂಗಿಗೆ ಏಳು ತಿಂಗಳಾಗಿದ್ದಾಗ ನಡೆದ ಒಂದು ಸಂಗತಿಯಿಂದಲೇ ಶುರುಮಾಡುತ್ತೇನೆ. ಮನೆಯ ಅಂಗಳದಲ್ಲಿ ಚೆಂಡು ಎಸೆದರೆ ಹತ್ತಕ್ಕೆ ಹತ್ತು ಸಲವೂ ತಂದುಕೊಡುತ್ತಿದ್ದ ಮರಿ ಅದು. ಆ ಧೈರ್ಯದ ಮೇಲೆ ಒಂದು ಸಂಜೆ ಊರ ಅಂಚಿನ ಮೈದಾನಕ್ಕೆ ಕರೆದುಕೊಂಡು ಹೋಗಿ, ಬೆಲ್ಟ್ ಬಿಚ್ಚಿ, ಚೆಂಡು ಎಸೆದೆ. ಬಾಣದಂತೆ ಹೋಯಿತು, ಚೆಂಡು ಕಚ್ಚಿತು, ತಿರುಗಿ ನನ್ನನ್ನು ನೋಡಿತು. ಆಮೇಲೆ ಬಾಲ ಎತ್ತಿ ಎದುರು ದಿಕ್ಕಿಗೆ ಓಡಿತು. ನಾನು ಹೆಸರು ಹಿಡಿದು ಕೂಗುತ್ತ ಬೆನ್ನು ಹತ್ತಿದೆ. ನಾನು ಓಡಿದಷ್ಟೂ ಅದಕ್ಕೆ ಹುರುಪು. ಮೈದಾನದ ಆಚೆ ರಸ್ತೆ. ರಸ್ತೆಯ ಮೇಲೆ ಇಟ್ಟಿಗೆ ಹೇರಿಕೊಂಡ ಟ್ರ್ಯಾಕ್ಟರ್. ಚಾಲಕ ಗಕ್ಕನೆ ಬ್ರೇಕ್ ಹಾಕಿದ್ದರಿಂದ ನಾಯಿ ಉಳಿಯಿತು. ಗಾಲಿಗೂ ಅದಕ್ಕೂ ನಡುವೆ ಒಂದು ಮೊಳ ಇತ್ತೇನೋ. ಆ ಮನುಷ್ಯ ನನ್ನನ್ನು ಬೈಯಲಿಲ್ಲ. 'ಇನ್ನೂ ಮರಿ, ಜೋಪಾನ' ಎಂದಷ್ಟೇ ಹೇಳಿ ಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಯಿ ಹಟಮಾರಿ ಎಂದು ಹೇಳಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಮರಿ ಮನೆಗೆ ಬಂದ ಮೊದಲ ತಿಂಗಳು ಕಣ್ಣ ಮುಂದೆ ಬಂತು. ಅದು ಚಪ್ಪಲಿ ಕಚ್ಚಿಕೊಂಡರೆ ನಾವು ಮನೆಮಂದಿಯೆಲ್ಲ ಅಟ್ಟಿಸಿಕೊಂಡು ಹೋಗುತ್ತಿದ್ದೆವು. ಮಂಚದ ಕೆಳಗೆ ನುಗ್ಗಿದರೆ ಕಾಲು ಹಿಡಿದು ಎಳೆಯುತ್ತಿದ್ದೆವು. ದವಡೆ ಬಿಡಿಸಿ ಕಿತ್ತುಕೊಳ್ಳುತ್ತಿದ್ದೆವು. ದಿನಕ್ಕೆ ಐದಾರು ಸಲ ಹೀಗಾದರೆ ಮರಿ ಏನು ಕಲಿಯುತ್ತದೆ? ಬಾಯಲ್ಲಿ ವಸ್ತು ಇದ್ದಾಗ ಮನುಷ್ಯ ಹತ್ತಿರ ಬಂದರೆ ವಸ್ತು ಹೋಯಿತು ಎಂದು ಕಲಿಯುತ್ತದೆ. ದೂರ ಓಡಿದರೆ ವಸ್ತು ಉಳಿಯುತ್ತದೆ, ಜೊತೆಗೆ ಒಂದು ಓಟದ ಆಟವೂ ಸಿಗುತ್ತದೆ ಎಂದು ಕಲಿಯುತ್ತದೆ. ಅಂಗಳದಲ್ಲಿ ಅದು ತಂದುಕೊಡುತ್ತಿದ್ದದ್ದು ಅಲ್ಲಿ ಓಡಿಹೋಗಲು ಜಾಗ ಇರಲಿಲ್ಲವೆಂದು. ಬಯಲು ಸಿಕ್ಕ ಕೂಡಲೇ ನಾನು ಕಲಿಸಿದ ಪಾಠವನ್ನೇ ನನಗೆ ಒಪ್ಪಿಸಿತು.

ಇವತ್ತು ನಾನು ಹೇಳಬೇಕಾದದ್ದು ಇದರ ಸುತ್ತಲೇ ಇದೆ. ತಂದುಕೊಡುವುದರಲ್ಲಿ ನಾಲ್ಕು ಕೆಲಸಗಳಿವೆ: ಹೋಗುವುದು, ಹಿಡಿಯುವುದು, ಮರಳುವುದು, ಕೈಗೆ ಕೊಡುವುದು. ಮೊದಲಿನ ಎರಡನ್ನು ನಾಯಿ ಹುಟ್ಟುತ್ತಲೇ ತಂದಿರುತ್ತದೆ. ಕೊನೆಯ ಎರಡು ನಂಬಿಕೆಯಿಂದ ಬರುತ್ತವೆ. ತಂದುಕೊಟ್ಟರೆ ಕಳೆದುಹೋಗುವುದಿಲ್ಲ, ಇನ್ನೂ ಒಳ್ಳೆಯದೇ ಸಿಗುತ್ತದೆ ಎಂಬ ನಂಬಿಕೆ. ನಾವು ಮಾತ್ರ ಎಸೆಯುವುದರಲ್ಲೇ ಮುಳುಗಿರುತ್ತೇವೆ.

ಲ್ಯಾಬ್ರಡಾರ್‌ಗೆ ಈ ಕೆಲಸ ರಕ್ತದಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರು ನೀರಿನ ಕೆಲಸಕ್ಕೆ ಸಾಕುತ್ತಿದ್ದ ನಾಯಿಗಳು ಇವುಗಳ ಪೂರ್ವಜರು. ತಣ್ಣನೆಯ ಕಡಲಿಗೆ ಹಾರಿ ಬಲೆಯ ಹಗ್ಗ ಎಳೆದುಕೊಂಡು ಬರುವುದು, ಗಾಳದಿಂದ ಜಾರಿದ ಮೀನನ್ನು ಹಿಡಿದು ತರುವುದು ಅವುಗಳ ಕೆಲಸವಾಗಿತ್ತು. 19ನೆಯ ಶತಮಾನದಲ್ಲಿ ಅವು ಹಡಗು ಹತ್ತಿ ಇಂಗ್ಲೆಂಡಿಗೆ ಬಂದವು. ಅಲ್ಲಿನ ಶ್ರೀಮಂತರು ಗುಂಡೇಟಿಗೆ ಬಿದ್ದ ಹಕ್ಕಿಗಳನ್ನು ತರಲು ಪಳಗಿಸಿದರು. 1903ರಲ್ಲಿ ನಾಯಿತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಲ್ಯಾಬ್ರಡಾರನ್ನು ತಳಿಯೆಂದು ಒಪ್ಪಿಕೊಂಡಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತಿಲ್ಲ, ಇರಬಾರದು ಕೂಡ. ನಮಗೆ ಇದು ಆಟ, ವ್ಯಾಯಾಮ, ನಾಯಿಯೊಡನೆ ನಡೆಸುವ ಒಂದು ಸಂಭಾಷಣೆ. ಆದರೆ ರಕ್ತದಲ್ಲಿರುವುದು ಆಸೆ ಮಾತ್ರ. ಶಿಸ್ತನ್ನು ಪ್ರತಿ ಮರಿಗೂ ಹೊಸದಾಗಿಯೇ ಕಲಿಸಬೇಕು.

ಟ್ರ್ಯಾಕ್ಟರಿನ ಮರುದಿನ ನಾನು ತುಂಗಿಯನ್ನು ಮತ್ತೆ ಮನೆಯೊಳಗಿನ ಪಡಸಾಲೆಗೆ ತಂದೆ. ನಮ್ಮದು ಹಳೆಯ ಮನೆ. ಅಡುಗೆಮನೆಗೂ ಮುಂಬಾಗಿಲಿಗೂ ನಡುವೆ ಉದ್ದನೆಯ ಇಕ್ಕಟ್ಟಾದ ಓಣಿಯಂಥ ಜಾಗವಿದೆ. ಎರಡೂ ಕಡೆ ಬಾಗಿಲು ಮುಚ್ಚಿದೆ. ಒಂದು ತುದಿಯಲ್ಲಿ ನಾಯಿಯ ಹಾಸಿಗೆ, ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ನಾನು. ಬಟ್ಟೆಯಿಂದ ಹೊಲಿದ ಒಂದು ಸುರುಳಿಯನ್ನು ನಾಲ್ಕು ಹೆಜ್ಜೆ ದೂರಕ್ಕೆ ಉರುಳಿಸಿದೆ. ನಾಯಿಗೆ ಬಾಯಿಗೆ ಸಿಕ್ಕಿದ್ದನ್ನು ತನ್ನ ಹಾಸಿಗೆಗೆ ಒಯ್ಯುವ ಸ್ವಭಾವವಿದೆ. ಆ ದಾರಿಯಲ್ಲೇ ನಾನು ಕುಳಿತಿದ್ದರಿಂದ ಅದು ನನ್ನ ಬಳಿಗೇ ಬರಬೇಕಾಯಿತು. ಬಂದಾಗ ನಾನು ಸುರುಳಿಗೆ ಕೈ ಹಾಕಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಎದೆ ಸವರಿದೆ, ಕಿವಿಯ ಹಿಂದೆ ಕೆರೆದೆ, ಮೆಲ್ಲಗೆ ಹೊಗಳಿದೆ. ಸುರುಳಿ ಅದರ ಬಾಯಲ್ಲೇ ಇತ್ತು. ಅರ್ಧ ನಿಮಿಷ ಕಳೆದ ಮೇಲೆ ಇನ್ನೊಂದು ಕೈಯಲ್ಲಿದ್ದ ಬೇಯಿಸಿದ ಕೋಳಿಯ ಚೂರನ್ನು ಮೂಗಿನ ಬಳಿ ಹಿಡಿದೆ. ಬಾಯಿ ತಾನಾಗಿ ತೆರೆಯಿತು, ಸುರುಳಿ ನನ್ನ ಅಂಗೈಗೆ ಬಿತ್ತು. ಚೂರು ತಿಂದ ಕೂಡಲೇ ಸುರುಳಿಯನ್ನು ಅದಕ್ಕೇ ಮರಳಿ ಕೊಟ್ಟೆ.

ಮರಳಿ ಕೊಟ್ಟಾಗ ಅದು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಲ್ಲಿಯವರೆಗೆ ಯಾರೂ ಅದಕ್ಕೆ ಏನನ್ನೂ ಹಿಂದಿರುಗಿಸಿರಲಿಲ್ಲ.

ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಮೂರೇ ಸಲ. ಮೂರನೆಯದಕ್ಕೆ ಅದು ಇನ್ನಷ್ಟು ಬೇಕೆಂದು ಕುಣಿಯುತ್ತಿರುವಾಗಲೇ ಸುರುಳಿಯನ್ನು ಕಪಾಟಿಗೆ ಸೇರಿಸಿ ಆಟ ಮುಗಿಸುತ್ತಿದ್ದೆ. ಮರಿಗೆ ಬೇಸರ ಬರುವವರೆಗೆ ಎಸೆಯುವುದು ನಾವು ಮಾಡುವ ದೊಡ್ಡ ತಪ್ಪುಗಳಲ್ಲೊಂದು. ಹತ್ತನೆಯ ಎಸೆತಕ್ಕೆ ಅದು ಮುಖ ತಿರುಗಿಸಿದರೆ, ಬಯಸಿದಾಗ ಬಿಟ್ಟುಬಿಡಬಹುದು ಎಂಬ ಪಾಠವೂ ಆಯಿತು. ಸುರುಳಿಯನ್ನು ಮನೆಯಲ್ಲಿ ಕಡಿಯಲು ಬಿಡಬಾರದು. ಅದು ನಿಮ್ಮಿಬ್ಬರ ಆಟಕ್ಕೆ ಮಾತ್ರ ಹೊರಬರಬೇಕು.

ಸುರುಳಿ ಎಂದರೆ ಏನು ಎಂದು ಕೇಳುತ್ತಿದ್ದೀರಿ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಹತ್ತಿ ಬಟ್ಟೆ ತುಂಬಿ, ಎರಡೂ ತುದಿ ಹೊಲಿದು ನಾನೇ ಮಾಡಿದ್ದು. ಮರಿಗೆ ಕಾಲು ಕೆಜಿ ತೂಕ ಸಾಕು, ಬೆಳೆದ ನಾಯಿಗೆ ಅರ್ಧ ಕೆಜಿ. ಅಂಗಡಿಯಲ್ಲಿ ಕ್ಯಾನ್ವಾಸಿನ ಡಮ್ಮಿ ಎಂದು ಸಿಗುವುದೂ ಇದೇ. ಟೆನಿಸ್ ಚೆಂಡು ನನಗೆ ಒಪ್ಪಿಗೆಯಿಲ್ಲ. ಅದರ ಮೇಲಿನ ನವಿರಿಗೆ ಮಣ್ಣು ಮರಳು ಹತ್ತಿಕೊಂಡು ಉಪ್ಪುಕಾಗದದಂತೆ ಹಲ್ಲನ್ನು ಸವೆಸುತ್ತದೆ. ದೊಡ್ಡ ನಾಯಿಯ ಗಂಟಲಿಗೆ ಜಾರಿ ಉಸಿರು ಕಟ್ಟಿಸಲೂಬಹುದು. ಕಲ್ಲು ಹಲ್ಲು ಮುರಿಯುತ್ತದೆ. ಕೋಲಿನ ತುದಿ ನೆಲಕ್ಕೆ ನಾಟಿಕೊಂಡು, ರಭಸದಲ್ಲಿ ಬಂದ ನಾಯಿಯ ಗಂಟಲು ಸೀಳಿದ ಪ್ರಕರಣಗಳನ್ನು ಪಶುವೈದ್ಯರು ಮತ್ತೆ ಮತ್ತೆ ನೋಡುತ್ತಾರೆ. ಕೋಲು ಎಸೆಯುವುದನ್ನು ಇವತ್ತೇ ಬಿಟ್ಟುಬಿಡಿ.

ಹಲ್ಲಿನ ವಿಷಯ ಬಂದದ್ದರಿಂದ ಒಂದು ಮಾತು. ಮರಿಗೆ 28 ಹಾಲುಹಲ್ಲುಗಳು. ಸುಮಾರು ನಾಲ್ಕನೆಯ ತಿಂಗಳಿಂದ ಏಳನೆಯ ತಿಂಗಳವರೆಗೆ ಅವು ಉದುರಿ 42 ಹಲ್ಲುಗಳು ಬರುತ್ತವೆ. ಆ ದಿನಗಳಲ್ಲಿ ಒಸಡು ನೋಯುತ್ತಿರುತ್ತದೆ. ನಿನ್ನೆ ಖುಷಿಯಿಂದ ಹಿಡಿದದ್ದನ್ನು ಇವತ್ತು ಉಗುಳಿದರೆ ಹಟ ಎಂದುಕೊಳ್ಳಬೇಡಿ. ಬಾಯಿ ತೆರೆದು ನೋಡಿ, ಒಂದು ವಾರ ಬಿಟ್ಟುಬಿಡಿ. ನೋವು ಮತ್ತು ಸುರುಳಿ ಅದರ ಮನಸ್ಸಿನಲ್ಲಿ ಒಟ್ಟಿಗೆ ಕೂತುಬಿಟ್ಟರೆ ಬೇರ್ಪಡಿಸುವುದು ಕಷ್ಟ.

ಈಗ ಮಾತಿನ ಆಯ್ಕೆ. ಇದನ್ನು ನಾನು ತಡವಾಗಿ ಕಂಡುಕೊಂಡೆ. ನಾವು ಕನ್ನಡದಲ್ಲಿ ನಾಯಿಗೆ 'ಬಾ' ಎನ್ನುತ್ತೇವೆ, 'ತಾ' ಎನ್ನುತ್ತೇವೆ. ಐವತ್ತು ಹೆಜ್ಜೆ ದೂರದಲ್ಲಿ, ಎದುರುಗಾಳಿಯಲ್ಲಿ, ಈ ಎರಡೂ ಒಂದೇ ದೀರ್ಘ ಸ್ವರವಾಗಿ ಕೇಳುತ್ತವೆ. ನಮ್ಮ ಕಡೆ ಕುಳಿತುಕೋ ಎನ್ನಲು 'ಕೂಡು' ಎನ್ನುತ್ತೇವೆ. ಬಾಯಲ್ಲಿರುವುದನ್ನು ಕೇಳಲು 'ಕೊಡು' ಎನ್ನುತ್ತೇವೆ. ನಾನು 'ಕೊಡು' ಎಂದಾಗಲೆಲ್ಲ ತುಂಗಿ ಸುರುಳಿ ಕಚ್ಚಿಕೊಂಡೇ ಚೆಂದವಾಗಿ ಕುಳಿತುಕೊಳ್ಳುತ್ತಿತ್ತು, ನಾನು ಗದರಿಸುತ್ತಿದ್ದೆ. ಪಾಪ, ಅದು ಹೇಳಿದ್ದನ್ನೇ ಮಾಡುತ್ತಿತ್ತು. ಆಮೇಲೆ 'ಕೂಡು' ಉಳಿಸಿಕೊಂಡು, ಕೊಡುವುದಕ್ಕೆ 'ಕೈಗೆ' ಎಂಬ ಮಾತು ಇಟ್ಟೆ. ಕಳಿಸುವುದಕ್ಕೆ 'ಹೋಗು', ಮೂಗಿನಿಂದ ಹುಡುಕುವುದಕ್ಕೆ 'ಹುಡುಕು'. ಎರಡೂ ಹಕಾರದಿಂದಲೇ ಶುರುವಾದರೂ 'ಹುಡುಕು' ಎನ್ನುವಾಗ ನೆಲದತ್ತ ಕೈ ತೋರಿಸುವುದರಿಂದ ಗೊಂದಲವಾಗಲಿಲ್ಲ. ಕರೆಯುವುದಕ್ಕೆ ಮಾತೇ ಬೇಡವೆಂದು ಸೀಟಿ ಹಿಡಿದೆ: ಮೂರು ಚಿಕ್ಕ ಊದು ಎಂದರೆ ಬಾ. ಸೀಟಿಗೆ ಸಿಟ್ಟು ಗೊತ್ತಿಲ್ಲ, ಗಂಟಲು ಕಟ್ಟುವುದಿಲ್ಲ, ಮನೆಯವರು ಯಾರು ಊದಿದರೂ ಒಂದೇ ದನಿ. ಮೊದಲ ಎರಡು ವಾರ ಊಟದ ತಟ್ಟೆ ಇಡುವಾಗ ಮಾತ್ರ ಊದಿ, ಬೇರೆಲ್ಲೂ ಊದಬೇಡಿ. ಇನ್ನೊಂದು, ಬೈಯಬೇಕಾದಾಗ, ಸ್ನಾನ ಮಾಡಿಸಬೇಕಾದಾಗ ಸೀಟಿ ಊದಿ ಕರೆಯಬೇಡಿ. ಎದ್ದು ಹೋಗಿ ಕರೆತನ್ನಿ.

ಇಷ್ಟಾದ ಮೇಲೆ ಹೊರಗೆ.

ಹೊರಗೆ ಹೋಗುವುದೆಂದರೆ ಒಂದೇ ನೆಗೆತಕ್ಕೆ ಮೈದಾನವಲ್ಲ. ಮನೆಯ ಮಾಳಿಗೆ, ಹಿತ್ತಿಲು, ಸದ್ದಿಲ್ಲದ ಗಲ್ಲಿ, ಬೆಳಗಿನ ಜಾವದ ಖಾಲಿ ಮೈದಾನ, ಆಮೇಲೆ ಆಡು ಕುರಿ ಮೇಯುವ ಬಯಲು. ನಾವು ಕಲಿಸಿದ್ದನ್ನು ನಾಯಿ ಜಾಗದೊಡನೆ ಸೇರಿಸಿ ಕಲಿಯುತ್ತದೆ. ಪಡಸಾಲೆಯಲ್ಲಿ ಬರುವ ವಿದ್ಯೆ ಹಿತ್ತಿಲಿನಲ್ಲಿ ಅರ್ಧ ಬರುತ್ತದೆ, ಮೈದಾನದಲ್ಲಿ ಅಳಿಸಿಹೋದಂತೆ ಕಾಣುತ್ತದೆ. ಆದ್ದರಿಂದ ಜಾಗ ಹೊಸದಾದಾಗ ದೂರವನ್ನು ಚಿಕ್ಕದು ಮಾಡುತ್ತೇನೆ. ಹಿತ್ತಿಲಿನಲ್ಲಿ ಇಪ್ಪತ್ತು ಹೆಜ್ಜೆ ಎಸೆಯುತ್ತಿದ್ದವನು ಮೈದಾನದ ಮೊದಲ ದಿನ ಐದು ಹೆಜ್ಜೆ. ಒಂದು ಜಾಗದಲ್ಲಿ ಮೂರು ದಿನ ಒಂದೂ ತಪ್ಪಿಲ್ಲದೆ ನಡೆದರೆ ಮಾತ್ರ ಮುಂದಿನ ಜಾಗ. ತುಂಗಿಯ ವಿಷಯದಲ್ಲಿ ಪಡಸಾಲೆಯಿಂದ ಅದೇ ಮೈದಾನಕ್ಕೆ ಮರಳಲು ನಾಲ್ಕು ತಿಂಗಳು ಹಿಡಿಯಿತು. ನಾನು ಅವಸರ ಮಾಡಲಿಲ್ಲ, ನೀವೂ ಮಾಡಬೇಡಿ.

ಈ ನಾಲ್ಕು ತಿಂಗಳೂ ಹತ್ತು ಮೀಟರ್ ಹಗ್ಗ ಕಟ್ಟಿಯೇ ಇತ್ತು. ಹಗ್ಗವನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ಓಡುವ ರಭಸದಲ್ಲಿ ಕತ್ತು ಉಳುಕುತ್ತದೆ. ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಹಗ್ಗದ ತುದಿಯಲ್ಲಿ ಕುಣಿಕೆ ಬೇಡ, ಮುಳ್ಳುಗಂಟಿಗೆ ಸಿಕ್ಕಿಕೊಳ್ಳುತ್ತದೆ. ಅಂಗೈಗೆ ಸುತ್ತಿಕೊಳ್ಳಲೂಬೇಡಿ. ಹಗ್ಗವಿರುವುದು ನಾಯಿಯನ್ನು ದರದರ ಎಳೆದು ತರಲಿಕ್ಕಲ್ಲ. ದೂರ ಓಡಿದರೂ ಆಟ ಸಿಗುವುದಿಲ್ಲ ಎಂದು ಅದಕ್ಕೆ ತಿಳಿಯಲಿ ಎಂದು. ಅದು ಸುರುಳಿ ಹಿಡಿದು ಅನುಮಾನಿಸಿ ನಿಂತರೆ ನೀವು ಅದಕ್ಕೆ ಬೆನ್ನು ತೋರಿಸಿ ಓಡಿ. ಹೌದು, ನೀವು ಓಡಿಹೋಗಬೇಕು. ಬೆನ್ನಟ್ಟುವ ಸುಖ ನಾಯಿಗೆ ಸಿಗಲಿ. ಟ್ರ್ಯಾಕ್ಟರಿನ ಸಂಜೆ ನಾನು ಎದುರು ದಿಕ್ಕಿಗೆ ಓಡಿದ್ದರೆ ಬಹುಶಃ ತುಂಗಿ ನನ್ನ ಹಿಂದೆಯೇ ಬರುತ್ತಿತ್ತು.

ಬಯಲಿನಲ್ಲಿ ಕಣ್ಣು, ಮೂಗು, ಗಾಳಿ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಣ್ಣ ಗ್ರಹಿಸುವ ಶಂಕುಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ನಾಯಿಯ ಕಣ್ಣಿನಲ್ಲಿ ಎರಡೇ. ಹಸಿರು ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡು ನಮಗೆ ಎದ್ದು ಕಾಣುತ್ತದೆ, ನಾಯಿಗೆ ಹುಲ್ಲಿನಲ್ಲೇ ಬೆರೆತುಹೋಗುತ್ತದೆ. ಎಷ್ಟೋ ಮರಿಗಳು ಹೊರಗೆ ಸೋಲುವುದು ಇದರಿಂದ. ಎರಡು ಸಲ ಹುಡುಕಿ ಸಿಗದಿದ್ದರೆ ಮೂರನೆಯ ಸಲ ಹೋಗುವ ಮನಸ್ಸೇ ಆಗುವುದಿಲ್ಲ. ನೀಲಿ ಅಥವಾ ಬಿಳಿ ಸುರುಳಿ ಬಳಸಿ. ಮುಂದೆ ಮೂಗಿನ ಪಾಠಕ್ಕೆ ಬಂದಾಗ ಬೇಕೆಂದೇ ಕೇಸರಿ ಬಣ್ಣದ್ದನ್ನು ಹುಲ್ಲಿನಲ್ಲಿ ಇಡಿ: ನಿಮಗೆ ಕಾಣುತ್ತದೆ, ಅದಕ್ಕೆ ಕಾಣುವುದಿಲ್ಲ. ಆಗ ಗಾಳಿ ಎಲ್ಲಿಂದ ಬೀಸುತ್ತಿದೆ ನೋಡಿಕೊಂಡು ಎದುರುಗಾಳಿಗೆ ಕಳಿಸಿ. ವಾಸನೆ ಸುರುಳಿಯಿಂದ ನಾಯಿಯ ಕಡೆಗೆ ಬೀಸಣಿಗೆಯಂತೆ ಹರಡಿಕೊಂಡು ಬರುತ್ತದೆ. ನಮ್ಮ ಊರಿನ ಆಷಾಢದ ಪಡುವಣ ಗಾಳಿ ಈ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಓಡುತ್ತಿದ್ದ ನಾಯಿ ತಟ್ಟನೆ ತಲೆ ಹೊರಳಿಸಿ, ಬಾಲ ಬಿರುಸಾಗಿ ಬೀಸುತ್ತ ಅಂಕುಡೊಂಕಾಗಿ ಒಂದು ಪೊದೆಯ ಬುಡಕ್ಕೆ ಹೋಗಿ ನಿಲ್ಲುವುದನ್ನು ನೋಡುವುದೇ ಒಂದು ಸುಖ.

ಎಸೆದ ಕೂಡಲೇ ಬಿಡುವ ಅಭ್ಯಾಸವೂ ಬೇಡ. ಕೂಡಿಸಿ, ಎಸೆದು, ಮನಸ್ಸಿನಲ್ಲೇ ಐದು ಎಣಿಸಿ ಆಮೇಲೆ 'ಹೋಗು' ಎನ್ನಿ. ನಾಲ್ಕರಲ್ಲಿ ಒಂದು ಸಲ ನೀವೇ ಹೋಗಿ ತನ್ನಿ, ಅದು ಕುಳಿತು ನೋಡಲಿ. ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಅವರ ಚೆಂಡೂ ಹಾರುತ್ತದೆ. ಕಾಯುವುದನ್ನು ಕಲಿಯದ ನಾಯಿಗೆ ಹಾರುವುದೆಲ್ಲ ತನ್ನದೇ. ನವಿಲಿಗೂ ಇದೇ ಮಾತು. ಟಿಟ್ಟಿಭ ಹಕ್ಕಿ ಬೇಸಿಗೆಯಿಂದ ಮಳೆಗಾಲದವರೆಗೆ ಬಯಲಿನ ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಅದು ತಲೆಯ ಮೇಲೆ ಸುತ್ತುತ್ತ ಅರಚುತ್ತಿದ್ದರೆ ಹತ್ತಿರ ಗೂಡಿದೆ ಎಂದರ್ಥ. ನಾಯಿಯನ್ನು ಕಟ್ಟಿಕೊಂಡು ಬೇರೆ ಕಡೆ ಹೋಗಿ. ನಮ್ಮ ಆಟಕ್ಕೆ ಇನ್ನೊಂದು ಜೀವದ ಮರಿಗಳು ಬಲಿಯಾಗಬಾರದು.

ಬಿಸಿಲಿನ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ನಾಯಿ ಮುಖ್ಯವಾಗಿ ಏದುಸಿರಿನಿಂದಲೇ ಮೈಯ ಶಾಖ ಕಳೆದುಕೊಳ್ಳಬೇಕು, ಮತ್ತು ಲ್ಯಾಬ್ರಡಾರ್ ದಣಿದರೂ ನಿಲ್ಲುವುದಿಲ್ಲ. ಅದರ ಪರವಾಗಿ ನೀವು ನಿಲ್ಲಿಸಬೇಕು. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಐದು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ನಾಲಿಗೆ ಅಗಲವಾಗಿ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ಹಿಂಗಾಲು ತೊಡರಿದರೆ ಆಟ ಅಲ್ಲಿಗೇ ನಿಲ್ಲಲಿ. ನೆರಳಿಗೆ ಒಯ್ದು ಮೈಯೆಲ್ಲ ನೀರು ಸುರಿದು ಗಾಳಿ ಬೀಸುತ್ತ ನೇರ ವೈದ್ಯರ ಬಳಿಗೆ ಹೋಗಿ. ನಾಯಿಯ ಸಹಜ ಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಜೀವಕ್ಕೇ ಅಪಾಯ. ಇನ್ನು, ದೊಡ್ಡ ತಳಿಗಳ ಮೂಳೆ ಬಲಿಯಲು ವರ್ಷ ದಾಟಬೇಕು. ಅಲ್ಲಿಯವರೆಗೆ ಎತ್ತರಕ್ಕೆ ನೆಗೆಸುವುದು, ಗಕ್ಕನೆ ತಿರುಗುವಂತೆ ಎಸೆಯುವುದು ಬೇಡ. ಸುರುಳಿ ನಿಂತ ಮೇಲೆ ಕಳಿಸಿದರೆ ಕೀಲುಗಳಿಗೆ ಅರ್ಧ ಪೆಟ್ಟು ತಪ್ಪುತ್ತದೆ.

ಪ್ರಶ್ನೆಗಳಿಗೆ ಬರುತ್ತೇನೆ.

ಮುಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: 'ಐದು ತಿಂಗಳಲ್ಲಿ ಎಷ್ಟು ಚೆನ್ನಾಗಿ ಕೇಳುತ್ತಿತ್ತು. ಈಗ ಎಂಟು ತಿಂಗಳು, ನನ್ನ ಮಾತೇ ಕಿವಿಗೆ ಬೀಳುವುದಿಲ್ಲ. ಪಕ್ಕದ ಮನೆಯವರು ಹೇಳಿದರೆ ಕೇಳುತ್ತದೆ.' ಅಮ್ಮ, ಇದು ನಿಮ್ಮ ತಪ್ಪಲ್ಲ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನೇ ಕಂಡು ಪ್ರಕಟಿಸಿದರು. ಎಂಟು ತಿಂಗಳ ಸುಮಾರಿಗೆ ನಾಯಿಗಳು ಸಾಕಿದವರ ಮಾತನ್ನು ಐದು ತಿಂಗಳಿನಲ್ಲಿದ್ದಕ್ಕಿಂತ ಕಡಿಮೆ ಕೇಳುತ್ತವೆ, ಅಪರಿಚಿತರ ಮಾತಿಗೆ ಮಾತ್ರ ಹಾಗಿಲ್ಲ. ಹರೆಯದ ಮಕ್ಕಳಿದ್ದಂತೆ. ಅದು ದಾಟಿಹೋಗುವ ಕಾಲ. ಹಗ್ಗ ಮತ್ತೆ ಕಟ್ಟಿ, ದೂರ ಕಡಿಮೆ ಮಾಡಿ, ಬೈಯದೆ ಕಾಯಿರಿ. ಪ್ರಾಣಿಗಳ ಆಶ್ರಯತಾಣಕ್ಕೆ ಬಿಟ್ಟುಬಂದ ಎಷ್ಟೋ ನಾಯಿಗಳು ಇದೇ ವಯಸ್ಸಿನವು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

'ಮುಧೋಳ ನಾಯಿಗೆ ಇದನ್ನು ಕಲಿಸಬಹುದೇ' ಎಂದು ಇನ್ನೊಬ್ಬರು ಕೇಳಿದರು. ನಮಗೆ ಹತ್ತಿರದ ಬಾಗಲಕೋಟೆ ಜಿಲ್ಲೆಯ ಹೆಮ್ಮೆ ಅದು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂದಿದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಕಣ್ಣೆದುರಿನ ವಸ್ತು ಓಡುತ್ತಿರುವವರೆಗೆ ಮಾತ್ರ ಅದಕ್ಕೆ ಹುರುಪು. ನಿಂತ ವಸ್ತುವಿನಲ್ಲಿ ಆಸಕ್ತಿ ಬೇಗ ಆರುತ್ತದೆ. ಸುರುಳಿಗೆ ದಾರ ಕಟ್ಟಿ ನೆಲದ ಮೇಲೆ ಹರಿದಾಡಿಸಿ, ಹಿಡಿದ ಕ್ಷಣದಲ್ಲೇ ನೀವು ಓಡಿ. ಕಲಿಯುತ್ತದೆ. ಲ್ಯಾಬ್ರಡಾರ್‌ನೊಡನೆ ಹೋಲಿಸಿ ಅದನ್ನು ದಡ್ಡ ಎನ್ನಬೇಡಿ, ಅಷ್ಟೇ.

ಹೊಡೆದು, ನೋಯಿಸಿ ಕಲಿಸಬಹುದೇ ಎಂಬುದು ಮೂರನೆಯ ಪ್ರಶ್ನೆ. ಕಿವಿ ಹಿಂಡಿ ಬಾಯಿ ತೆರೆಸಿ ಡಮ್ಮಿ ತುರುಕುವ ಹಳೆಯ ಪದ್ಧತಿಯೊಂದು ಅಮೆರಿಕದ ಬೇಟೆನಾಯಿ ತರಬೇತಿಯಲ್ಲಿ ಇದೆ. ವಿದ್ಯುತ್ ಆಘಾತ ಕೊಡುವ ಬೆಲ್ಟುಗಳು ನಮ್ಮಲ್ಲೂ ಮಾರಾಟಕ್ಕಿವೆ. ವೇಲ್ಸ್‌ನಲ್ಲಿ ಅವು 2010ರಿಂದ ನಿಷಿದ್ಧ. ನನ್ನ ನಿಲುವು ಸ್ಪಷ್ಟ: ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಪಿಲಿ ತಮ್ಮ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿಗೆ ಮೂರು ವರ್ಷಗಳಲ್ಲಿ 1022 ಆಟಿಕೆಗಳ ಹೆಸರು ಕಲಿಸಿದರು. ಹೆಸರು ಹೇಳಿದರೆ ಅದನ್ನೇ ಹುಡುಕಿ ತರುತ್ತಿತ್ತು. ಅದಕ್ಕೆ ಅವರು ಕೊಟ್ಟ ಸಂಭಾವನೆ ಹೆಚ್ಚಾಗಿ ಆಟ ಮತ್ತು ಮೆಚ್ಚುಗೆ. ಸಾವಿರ ಹೆಸರನ್ನು ಆಟದಿಂದ ಕಲಿಯಬಲ್ಲ ಪ್ರಾಣಿಗೆ ಒಂದು ಸುರುಳಿ ತರಲು ಏಕೆ ಹೊಡೆಯಬೇಕು?

ಕೊನೆಯಲ್ಲಿ ಕೈ ಎತ್ತಿದವಳು ಹತ್ತು ವರ್ಷದ ಹುಡುಗಿ. ಬೀದಿಯಿಂದ ತಂದ ಮರಿಯಂತೆ, ಮೂರು ತಿಂಗಳು. ಅದು ಕಲಿಯುತ್ತದೆಯೇ ಎಂದಳು. ಖಂಡಿತ ಕಲಿಯುತ್ತದೆ, ಪುಟ್ಟಿ. ಮೊದಲು ಲಸಿಕೆಗಳೆಲ್ಲ ಮುಗಿಯಲಿ. ಅಲ್ಲಿಯವರೆಗೆ ನೆಲಕ್ಕೆ ಬಿಡದೆ, ಎತ್ತಿಕೊಂಡೇ ರಸ್ತೆ, ಜನ, ದನ, ಬಸ್ಸು ಎಲ್ಲವನ್ನೂ ತೋರಿಸು. ಈ ವಯಸ್ಸಿನಲ್ಲಿ ಕಂಡದ್ದಕ್ಕೆ ಅದು ದೊಡ್ಡದಾದ ಮೇಲೆ ಹೆದರುವುದು ಕಡಿಮೆ. ನಿನ್ನ ಚಪ್ಪಲಿ ಕಚ್ಚಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡ. ಕುಕ್ಕರುಗಾಲಿನಲ್ಲಿ ಕುಳಿತು ಕರೆ, ತಂದರೆ ಹೊಗಳು, ಬದಲಿಗೆ ಏನಾದರೂ ಕೊಡು.

ಈಗ ಎಲ್ಲರೂ ಹೊರಗೆ ಬನ್ನಿ. ಬಿಸಿಲು ಏರುವ ಮೊದಲು ತುಂಗಿ ಮೂರು ಸಲ ತಂದು ತೋರಿಸುತ್ತದೆ, ಮೂರೇ ಸಲ. ಗಾಳಿ ಪಡುವಣದಿಂದ ಬೀಸುತ್ತಿದೆ, ಆದ್ದರಿಂದ ನೀವೆಲ್ಲ ಬೇವಿನ ಮರದ ಈ ಬದಿಗೆ ನಿಲ್ಲಿ. ನಿಮ್ಮ ವಾಸನೆ ಅದರ ದಾರಿಗೆ ಅಡ್ಡ ಬರಬಾರದು. ಅದು ಸುರುಳಿ ಹಿಡಿದು ಮರಳುವಾಗ ಯಾರೂ ಚಪ್ಪಾಳೆ ತಟ್ಟಬೇಡಿ. ನನ್ನ ಕೈಗೆ ಬಂದ ಮೇಲೆ ತಟ್ಟಿ.